ಜೈನ ಪ್ರತೀಕ ಚಿಹ್ನೆ

ಬಸದಿಯ ಮಹಾದ್ವಾರದ ಮೇಲೆ, ಪಂಚಕಲ್ಯಾಣ ಮಹೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ, ಜೈನ ವಿದ್ಯಾರ್ಥಿನಿಲಯಗಳ ನಾಮಫಲಕದಲ್ಲಿ ಕಾಣುವ ಒಂದು ಆಕೃತಿಗೆ ಜೈನ ಪ್ರತೀಕ ಚಿಹ್ನೆ ಎಂದು ಹೆಸರು. ಬುಡದಲ್ಲಿ ಅಗಲವಾಗಿ, ನಡುವಿನಲ್ಲಿ ಕಿರಿದಾಗಿ, ಮತ್ತೆ ಹಿಗ್ಗಿ ತುದಿಯಲ್ಲಿ ಕುಗ್ಗುವ ಹೊರರೇಖೆ. ಅದರೊಳಗೆ ಮೇಲಿನಿಂದ ಕೆಳಕ್ಕೆ ಬಿಂದುವನ್ನು ಹೊತ್ತ ಅರ್ಧಚಂದ್ರ, ಮೂರು ಚುಕ್ಕೆ, ಸ್ವಸ್ತಿಕ ಮತ್ತು ಚಕ್ರವಿರುವ ಅಂಗೈ. ಎಲ್ಲದರ ಅಡಿಯಲ್ಲಿ ಒಂದು ಸಂಸ್ಕೃತ ಸೂತ್ರ. ಈ ಅಂಶಗಳಲ್ಲಿ ಹೆಚ್ಚಿನವು ಬಹಳ ಹಳೆಯವು. ಆದರೆ ಇವನ್ನೆಲ್ಲ ಕೂಡಿಸಿ ಇಡೀ ಜೈನ ಸಮುದಾಯದ ಗುರುತೆಂದು ಒಪ್ಪಿಕೊಂಡದ್ದು 1974ರಲ್ಲಿ, ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ.

ಅಲ್ಲಿಯವರೆಗೆ ಜೈನರಿಗೆ ಗುರುತುಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ವೃಷಭನಾಥರಿಗೆ ಎತ್ತು, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ ಎಂದು ಇಪ್ಪತ್ನಾಲ್ಕು ತೀರ್ಥಂಕರರಿಗೂ ಬೇರೆ ಬೇರೆ ಲಾಂಛನಗಳಿವೆ. ಅವು ಒಬ್ಬ ಜಿನನನ್ನು ಇನ್ನೊಬ್ಬ ಜಿನನಿಂದ ಬೇರ್ಪಡಿಸಿ ಗುರುತಿಸಲು ನೆರವಾಗುವವೇ ಹೊರತು ಒಟ್ಟು ಧರ್ಮಕ್ಕೆ ಸಲ್ಲುವವಲ್ಲ. ಶ್ರವಣಬೆಳಗೊಳವೂ ಸೇರಿದಂತೆ ಕರ್ನಾಟಕದ ಅನೇಕ ಜೈನ ಶಾಸನಗಳು ‘ಶ್ರೀಮತ್ಪರಮಗಂಭೀರಸ್ಯಾದ್ವಾದಾಮೋಘಲಾಂಛನಂ’ ಎಂಬ ಶ್ಲೋಕದಿಂದ ಆರಂಭವಾಗುತ್ತವೆ. ಅಲ್ಲಿ ಜಿನಶಾಸನದ ಲಾಂಛನವೆಂದು ಹೇಳಿರುವುದು ಸ್ಯಾದ್ವಾದವನ್ನು, ಅಂದರೆ ಯಾವ ಹೇಳಿಕೆಯೂ ಒಂದು ದೃಷ್ಟಿಯಿಂದ ಮಾತ್ರ ಸತ್ಯ ಎಂಬ ತತ್ತ್ವವನ್ನು. ಧರ್ಮಕ್ಕೆ ಲಾಂಛನ ಬೇಕೆಂದಾಗ ಶಾಸನಕವಿಗಳು ಚಿತ್ರವನ್ನು ಹುಡುಕದೆ ತತ್ತ್ವವನ್ನೇ ಮುಂದಿಟ್ಟರೆಂಬುದು ಗಮನಾರ್ಹ.

1974ರಲ್ಲಿ ಚಿತ್ರವೇ ಬೇಕಾಗಿತ್ತು, ಮತ್ತು ಅದನ್ನು ಜೈನರ ಮುಖ್ಯ ಪಂಗಡಗಳಾದ ದಿಗಂಬರರು, ಮೂರ್ತಿಪೂಜಕ ಶ್ವೇತಾಂಬರರು, ಸ್ಥಾನಕವಾಸಿಗಳು, ತೇರಾಪಂಥಿಗಳು ನಾಲ್ವರೂ ಒಪ್ಪಬೇಕಾಗಿತ್ತು. ಹಾಗಾಗಿ ಈ ಚಿಹ್ನೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಮೊದಲು ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದರಲ್ಲಿ ಜಿನಬಿಂಬವಿಲ್ಲ. ದಿಗಂಬರರ ಬಿಂಬ ನಿರ್ವಸ್ತ್ರ, ಅದರ ದೃಷ್ಟಿ ಅರೆಮುಚ್ಚಿದ್ದು. ಶ್ವೇತಾಂಬರರ ಬಿಂಬಕ್ಕೆ ಕೌಪೀನದ ಗುರುತೂ ಹೊರಗಿನಿಂದ ಕೂರಿಸಿದ ಕಣ್ಣುಗಳೂ ಇರುತ್ತವೆ. ಉಳಿದ ಎರಡು ಪಂಥಗಳವರು ಮೂರ್ತಿಯನ್ನೇ ಪೂಜಿಸುವುದಿಲ್ಲ. ನಮ್ಮ ಬಸದಿಗಳ ಬಾಗಿಲವಾಡದ ಮೇಲೆ ಮುಕ್ಕೊಡೆಯಡಿ ಕುಳಿತ ಜಿನನ ರೂಪ ಕನ್ನಡಿಗರಿಗೆ ಎಷ್ಟೇ ಸಹಜವೆನಿಸಿದರೂ ಅದು ನಾಲ್ವರ ಗುರುತಾಗುವಂತಿರಲಿಲ್ಲ. ಮುನಿಗಳ ಉಪಕರಣಗಳ ಕಥೆಯೂ ಅಷ್ಟೇ: ಹುಳುಗಳನ್ನು ನೋಯಿಸದೆ ಸರಿಸಲು ಬಳಸುವ ನವಿಲುಗರಿಯ ಪಿಂಛಿ ದಿಗಂಬರರದು, ಅದೇ ಕೆಲಸದ ಉಣ್ಣೆಯ ರಜೋಹರಣ ಶ್ವೇತಾಂಬರರದು, ಬಾಯಿಗೆ ಸದಾ ಕಟ್ಟಿಕೊಳ್ಳುವ ಮುಖವಸ್ತ್ರಿಕೆ ಸ್ಥಾನಕವಾಸಿ ಮತ್ತು ತೇರಾಪಂಥದವರದು. ಇವುಗಳಲ್ಲಿ ಯಾವುದನ್ನು ಬರೆದಿದ್ದರೂ ಚಿಹ್ನೆ ಒಂದು ಪಂಗಡದ ಪಾಲಾಗುತ್ತಿತ್ತು.

ಹೊರರೇಖೆಯಾಗಿ ಆರಿಸಿಕೊಂಡದ್ದು ಲೋಕಾಕಾರವನ್ನು. ಕಾಲಗಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತ ಪುರುಷನಂತೆ ಲೋಕದ ಆಕಾರವಿದೆಯೆಂದು ಜೈನ ಗ್ರಂಥಗಳು ವರ್ಣಿಸುತ್ತವೆ. ಅದರ ಎತ್ತರ 14 ರಜ್ಜು (ಜೈನ ಲೋಕವರ್ಣನೆಯ ಅತಿ ದೊಡ್ಡ ಅಳತೆ). ಬುಡದ ಭಾಗ ಏಳು ನರಕಗಳ ಅಧೋಲೋಕ, ಸೊಂಟದ ಮಟ್ಟದಲ್ಲಿ ಮನುಷ್ಯರಿರುವ ಮಧ್ಯಲೋಕ, ಅದರ ಮೇಲಿನದು ಊರ್ಧ್ವಲೋಕ. ಸ್ವರ್ಗಗಳನ್ನು ಎಣಿಸುವಾಗ ದಿಗಂಬರರು 16 ಎನ್ನುತ್ತಾರೆ, ಶ್ವೇತಾಂಬರರು 12 ಎನ್ನುತ್ತಾರೆ. ಬರಿಯ ಹೊರರೇಖೆಯನ್ನು ಎಳೆದು ಒಳಗಿನ ಪದರಗಳನ್ನು ಬಿಟ್ಟಿದ್ದರಿಂದ ಆ ಲೆಕ್ಕದ ಗೊಡವೆಯೇ ಉಳಿಯಲಿಲ್ಲ.

ಚಿಹ್ನೆಯ ಮೇಲ್ಭಾಗವನ್ನು ಅರಿಯಲು ಗುಜರಾತ್ ಅಥವಾ ರಾಜಸ್ಥಾನದ ಶ್ವೇತಾಂಬರ ಮಂದಿರವೊಂದರಲ್ಲಿ ನಡೆಯುವ ಅಕ್ಷತಪೂಜೆಯನ್ನು ನೋಡಬೇಕು. ಭಕ್ತರು ಮಣೆಯ ಮೇಲೆ ಅಕ್ಕಿ ಹರಡಿ, ಬೆರಳಿನಿಂದ ತಿದ್ದಿ ಸ್ವಸ್ತಿಕ ಮಾಡುತ್ತಾರೆ. ಅದರ ಮೇಲೆ ಅಕ್ಕಿಯದೇ ಮೂರು ಪುಟ್ಟ ಗುಪ್ಪೆಗಳನ್ನು, ಅವುಗಳ ಮೇಲೆ ಅರ್ಧಚಂದ್ರವನ್ನು ಇಡುತ್ತಾರೆ. ಸ್ವಸ್ತಿಕದ ನಾಲ್ಕು ತೋಳುಗಳು ಜೀವ ಸುತ್ತುವ ನಾಲ್ಕು ಗತಿಗಳು, ಅಂದರೆ ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಸಸ್ಯ ಮೊದಲಾದವು), ನಾರಕ. ಮೂರು ಗುಪ್ಪೆಗಳು ಅದರಿಂದ ಬಿಡಿಸುವ ರತ್ನತ್ರಯ, ಅಂದರೆ ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ. ಅರ್ಧಚಂದ್ರವು ಲೋಕದ ತುದಿಯಲ್ಲಿರುವ, ಮುಕ್ತರ ನೆಲೆಯಾದ ಸಿದ್ಧಶಿಲೆ, ಅದರ ಮೇಲಿನ ಬಿಂದು ಮುಕ್ತಜೀವ. ಯಾವುದೋ ಕಲಾವಿದನ ಕಲ್ಪನೆಗಿಂತ ಮೊದಲೇ ಕೈಗಳಿಗೆ ರೂಢಿಯಾಗಿದ್ದ ವಿನ್ಯಾಸವಿದು.

ಅಂಗೈ ಅಭಯವನ್ನು ಸೂಚಿಸುತ್ತದೆ. ಯಾವ ಕೆಲಸಕ್ಕೂ ಮುನ್ನ ನಿಂತು ಯೋಚಿಸು ಎಂಬ ಅರ್ಥವನ್ನೂ ಅದಕ್ಕೆ ಹೇಳುತ್ತಾರೆ. ಅದರ ನಡುವಿನ ಧರ್ಮಚಕ್ರದ 24 ಅರಗಳು ತೀರ್ಥಂಕರರನ್ನು ನೆನಪಿಸುತ್ತವೆ, ಮಧ್ಯದಲ್ಲಿ ‘ಅಹಿಂಸಾ’ ಎಂಬ ದೇವನಾಗರಿ ಬರಹವಿರುತ್ತದೆ. ಚುನಾವಣೆಯ ಕಾಲದಲ್ಲಿ ಈ ಕೈಯನ್ನು ನೋಡಿ ನಗುವವರಿದ್ದಾರೆ. 1974ರಲ್ಲಿ ಕಾಂಗ್ರೆಸ್ಸಿನ ಗುರುತು ಹಸು ಮತ್ತು ಕರು ಆಗಿತ್ತು, ಹಸ್ತ ಬಂದದ್ದು 1978ರ ಒಡಕಿನ ಬಳಿಕ ಎಂಬುದನ್ನು ಅವರಿಗೆ ತಿಳಿಸಬಹುದು.

ಅಡಿಯಲ್ಲಿರುವ ‘ಪರಸ್ಪರೋಪಗ್ರಹೋ ಜೀವಾನಾಮ್’ ಎಂಬುದು ಜೈನ ತತ್ತ್ವಗಳನ್ನು ಸಂಗ್ರಹಿಸಿ ಹೇಳುವ ತತ್ತ್ವಾರ್ಥಸೂತ್ರವೆಂಬ ಗ್ರಂಥದ ಐದನೆಯ ಅಧ್ಯಾಯದ 21ನೆಯ ಸೂತ್ರ. ದಿಗಂಬರರು ಇದರ ಕರ್ತೃವನ್ನು ಉಮಾಸ್ವಾಮಿ ಎಂದೂ ಶ್ವೇತಾಂಬರರು ಉಮಾಸ್ವಾತಿ ಎಂದೂ ಕರೆಯುತ್ತಾರೆ. ಕೆಲವು ಸೂತ್ರಗಳಲ್ಲಿ ಪಾಠಭೇದಗಳಿದ್ದರೂ ಎರಡೂ ಕಡೆಯವರು ಪ್ರಮಾಣವೆಂದು ಒಪ್ಪುವ ಗ್ರಂಥವಾದ್ದರಿಂದ ಆಯ್ಕೆ ಸಹಜವಾಗಿತ್ತು. ‘ಒಬ್ಬರಿಗೊಬ್ಬರು ನೆರವಾಗಿರಿ’ ಎಂಬ ಉಪದೇಶವಾಗಿ ಇದನ್ನು ಭಾಷಣಗಳಲ್ಲಿ ಬಳಸುವುದುಂಟು. ಮೂಲದ ಸಂದರ್ಭ ಬೇರೆ. ಯಾವ ದ್ರವ್ಯದಿಂದ, ಅಂದರೆ ಲೋಕದ ಯಾವ ಮೂಲವಸ್ತುವಿನಿಂದ, ಯಾವ ಉಪಕಾರ ಎಂದು ಆ ಅಧ್ಯಾಯ ಕ್ರಮವಾಗಿ ಹೇಳುತ್ತ ಬರುತ್ತದೆ: ಚಲನೆಗೆ ಧರ್ಮದ್ರವ್ಯ, ನಿಲುಗಡೆಗೆ ಅಧರ್ಮದ್ರವ್ಯ, ಅವಕಾಶ ಕೊಡಲು ಆಕಾಶ. ಅದೇ ಸಾಲಿನಲ್ಲಿ ಜೀವಗಳ ಉಪಕಾರ ಪರಸ್ಪರವಾದುದು ಎನ್ನಲಾಗಿದೆ. ಅದು ಜೀವಗಳು ಇರುವ ಬಗೆಯ ವಿವರಣೆಯೇ ಹೊರತು ವಿಧಿಯಲ್ಲ.

ಚಿಹ್ನೆಯಾಗಿ ಇದಕ್ಕೆ ಕುಂದುಗಳೂ ಇವೆ. ಒಂದೇ ಆಕೃತಿಯಲ್ಲಿ ಇಷ್ಟೊಂದು ತುಂಬಿದ್ದರಿಂದ ಚಿಕ್ಕದಾಗಿ ಮುದ್ರಿಸಿದಾಗ ಅರಗಳೂ ಅಕ್ಷರಗಳೂ ಕಲಸಿಹೋಗುತ್ತವೆ. ಅನೇಕ ಕಡೆ ಅಂಗೈಯೊಂದನ್ನೇ ಬಳಸಲು ಇದೂ ಕಾರಣವಿರಬಹುದು. ಇನ್ನೊಂದು ತೊಡಕು ಎದುರಾದದ್ದು ಪಶ್ಚಿಮದಲ್ಲಿ. ನಾಜಿಗಳ ಚಿಹ್ನೆಯ ನೆನಪು ಇನ್ನೂ ಹಸಿಯಾಗಿರುವ ಸಮಾಜದಲ್ಲಿ ಸ್ವಸ್ತಿಕವನ್ನು ಫಲಕದ ಮೇಲೆ ತೋರಿಸುವುದು ಕಷ್ಟವಾದ್ದರಿಂದ, ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ ‘ಜೈನಾ’ ತನ್ನ ಲಾಂಛನದಲ್ಲಿ ಆ ಜಾಗಕ್ಕೆ ಓಂಕಾರವನ್ನು ತಂದಿತು. ಓಂಕಾರ ಜೈನರಿಗೆ ಹೊರಗಿನದೇನಲ್ಲ. ಅರಿಹಂತ, ಅಶರೀರ (ಸಿದ್ಧ), ಆಚಾರ್ಯ, ಉಪಾಧ್ಯಾಯ, ಮುನಿ ಎಂಬ ಪಂಚಪರಮೇಷ್ಠಿಗಳ, ಅಂದರೆ ಪರಮಪೂಜ್ಯರಾದ ಐವರ, ಮೊದಲಕ್ಷರಗಳು ಕೂಡಿ ಅದು ಆಯಿತೆಂದು ಅವರು ವಿವರಿಸುತ್ತಾರೆ. ಬದಲಾವಣೆಯ ಕಾರಣವನ್ನು ತಪ್ಪೆನ್ನಲಾಗದು. ಆದರೆ ನಾಲ್ಕು ಗತಿಗಳನ್ನು ತೆಗೆದ ಮೇಲೆ, ಮೂರು ಚುಕ್ಕೆಗಳು ಜೀವವನ್ನು ಯಾವುದರಿಂದ ಬಿಡಿಸುತ್ತವೆ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ನೋಡುವವರಿಗೆ ಅದನ್ನು ಬಾಯಿಮಾತಿನಲ್ಲೇ ತಿಳಿಸಬೇಕಾಗುತ್ತದೆ.