ಕಬೂಲು, ಕಬುಲಿ: ಮುಂಬಯಿಯ ಠಾಣೆಯಲ್ಲಿ ಕನ್ನಡಿಗ

ಕಲಬುರಗಿ, ಯಾದಗಿರಿ ಕಡೆಯ ಮಂದಿಗೆ ‘ಕಬೂಲು’ ಅಂದರೆ ಒಪ್ಪಿಗೆ, ಅಷ್ಟೇ. ಕೂಲಿಯ ದರಕ್ಕೆ ಕಬೂಲು, ಹೆಣ್ಣು ಕೊಡಲು ಕಬೂಲು, ನಾಳೆ ಬೆಳಿಗ್ಗೆ ಆರಕ್ಕೆ ನಾಕಾದಲ್ಲಿ ನಿಲ್ಲಲು ಕಬೂಲು. ಮುಂಬಯಿಯ ಪೊಲೀಸ್ ಠಾಣೆಯ ಮರಾಠಿಯಲ್ಲಿ ‘ಕಬುಲಿ ಜಬಾಬ್’ ಅಂದರೆ ತಪ್ಪೊಪ್ಪಿಗೆ ಹೇಳಿಕೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಪೂರ್ವ ಉಪನಗರದ ಒಂದು ಠಾಣೆಗೆ ನನ್ನನ್ನು ದುಭಾಷಿಯಾಗಿ ಕರೆದೊಯ್ದಿದ್ದರು. ಕಟ್ಟಡ ಕೆಲಸದ ಹುಡುಗನ ಮೇಲೆ ಕಬ್ಬಿಣದ ಸರಳು ಕದ್ದ ಆರೋಪ. “ಕಬೂಲ್ ಹೈ ಕ್ಯಾ?” ಎಂದು ಕೇಳಿದ್ದಕ್ಕೆ ಅವನು “ಹೌದ್ರೀ, ಕಬೂಲ್” ಎಂದುಬಿಟ್ಟಿದ್ದ. ನಾನು ಕನ್ನಡದಲ್ಲಿ ವಿಚಾರಿಸಿದಾಗ ಗಾಬರಿಯಾದ. “ಕದ್ದೀನಿ ಅಂತ ಅಂದಿಲ್ರೀ ಅಣ್ಣಾರ. ಸಾಹೇಬ್ರು ಏನೋ ಕೇಳಿದ್ರು, ಆತು ಅಂದೆ.”

ಮುಂಬಯಿಯ ಕನ್ನಡಿಗರಿಗೆ ಒದಗುವ ತೊಡಕು ಇದೇ. ಏನೂ ಅರ್ಥವಾಗದಿದ್ದರೆ ಮನುಷ್ಯ ಬಾಯಿ ಮುಚ್ಚಿಕೊಂಡಾದರೂ ಇರುತ್ತಾನೆ. ಇಲ್ಲಿ ಅರ್ಧ ಅರ್ಥವಾಗುತ್ತದೆ. ಪಂಚನಾಮೆ, ಫಿರ್ಯಾದಿ, ಆರೋಪಿ, ಜಾಮೀನು ಎಲ್ಲವೂ ಊರಲ್ಲಿ ಕೇಳಿದ ಮಾತುಗಳೇ. ಠಾಣೆಯವರ ‘ಗುನ್ಹಾ’ ನಮ್ಮ ಎಫ್‌ಐಆರ್‌ನ ‘ಗುನ್ನೆ’ಯ ಅಣ್ಣ. ‘ಅಟಕ್ ಕೇಲಿ’ ಎಂದರೆ ಯಾರೋ ದಾರಿಗೆ ಅಡ್ಡ ಬಂದು ಅಟಕಾಯಿಸಿದರು ಎಂದುಕೊಳ್ಳುವವರಿದ್ದಾರೆ. ಅದರ ಅರ್ಥ ‘ಬಂಧಿಸಲಾಯಿತು’. ಹಿಂದಿಯ ‘ಶಿಕ್ಷಾ’ ಓದು, ಮರಾಠಿಯ ‘ಶಿಕ್ಷಾ’ ದಂಡನೆ. ಈ ಸಂದಿಯಲ್ಲಿ ಬಿದ್ದವರಿಗೆ ಕಾನೂನು ಏನು ಕೊಟ್ಟಿದೆ, ಎಷ್ಟು ನಿಧಾನವಾಗಿ ಕೊಟ್ಟಿತು ಎನ್ನುವುದಕ್ಕೆ ಉದ್ದದ ಕಥೆಯಿದೆ. ಅದರ ಬಹುಪಾಲು ನಡೆದದ್ದು ಈ ಮಹಾರಾಷ್ಟ್ರದಲ್ಲೇ.

ಆ ಹುಡುಗನ ‘ಕಬೂಲ್’ಗೆ ಕೋರ್ಟಿನಲ್ಲಿ ಬೆಲೆ ಇರಲಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದು ಎಂಬ ನಿಯಮ ಬ್ರಿಟಿಷರ ಕಾಲದ 1861ರ ಕಾಯ್ದೆಯಲ್ಲೇ ಬಂತು, 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಯಿತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಾಗಿದೆ. ಪರದೇಶದ ಸರ್ಕಾರಕ್ಕೂ ತನ್ನ ಪೊಲೀಸರ ಮೇಲೆ ಇಷ್ಟು ನಂಬಿಕೆಯಿರಲಿಲ್ಲ ನೋಡಿ. ಆದರೆ ಒಂದು ಕಿಂಡಿಯಿದೆ. ಕಸ್ಟಡಿಯಲ್ಲಿದ್ದವನ ಮಾತು ಹಿಡಿದು ಹೊರಟಾಗ ಕದ್ದ ಮಾಲು ನಿಜವಾಗಿ ಸಿಕ್ಕರೆ, ಸಿಕ್ಕ ಸಂಗತಿಗೆ ನೇರ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ, ಅವರು ಎಚ್ಚರಿಕೆ ಕೊಟ್ಟ ಮೇಲೆ ಹೇಳಿದ ತಪ್ಪೊಪ್ಪಿಗೆಯ ಲೆಕ್ಕವೇ ಬೇರೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವನ ಸಹಿ ಹಾಕಿಸಬಾರದು ಎಂದೇ ಕಾನೂನು ಹೇಳುತ್ತದೆ. ಬಂಧನದ ಕಾಗದಕ್ಕೆ ಸಹಿ ಬೇಕು, ಸರಿ. ಖಾಲಿ ಹಾಳೆಗೆ ಮಾತ್ರ ಯಾವ ಕಾನೂನೂ ಸಹಿ ಕೇಳುವುದಿಲ್ಲ.

ಭಾಷೆಯ ಜಗಳಕ್ಕೆ ಬಂದರೆ, ಈ ಊರಿನ ಅತಿ ಪ್ರಸಿದ್ಧ ಆರೋಪಿಯೇ ಅದನ್ನು ಅನುಭವಿಸಿದವರು. 1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಅಪರಾಧ ಎಂದು ತೋರಿಸಿದ್ದು ಅವರ ‘ಕೇಸರಿ’ ಪತ್ರಿಕೆಯ ಮರಾಠಿ ಲೇಖನಗಳನ್ನು, ಜ್ಯೂರಿಯಲ್ಲಿ ಕೂತವರು ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಅವರ ಕೈಗೆ ಹೋದದ್ದು ಇಂಗ್ಲಿಷ್ ಅನುವಾದ. ಅನುವಾದವೇ ಸರಿಯಿಲ್ಲ ಎಂದು ತಿಲಕರು ದಿನಗಟ್ಟಲೆ ತಾವೇ ವಾದಿಸಿದರು. ಏಳು–ಎರಡರ ತೀರ್ಪು, ಆರು ವರ್ಷದ ಗಡೀಪಾರು. ತೀರ್ಪು ಕೊಟ್ಟ ನ್ಯಾಯಮೂರ್ತಿ ದಿನ್ಶಾ ದಾವರ್, ವಕೀಲರಾಗಿದ್ದಾಗ 1897ರಲ್ಲಿ ಇದೇ ತಿಲಕರ ಜಾಮೀನಿಗೆ ವಾದಿಸಿದ್ದವರು. ಸ್ವತಃ ಕಾನೂನು ಓದಿದ, ಇಂಗ್ಲಿಷ್ ಬಲ್ಲ ಮನುಷ್ಯನಿಗೇ ಈ ಗತಿಯಾದರೆ, ಮರಾಠಿಯೂ ಬಾರದ ಸರಳು ಹೊರುವವನ ಪಾಡೇನು?

ಇದೇ ಹೈಕೋರ್ಟಿನಲ್ಲಿ ವಕೀಲಿ ಮಾಡಿದ ಇನ್ನೊಬ್ಬರ ಕೈಯಿಂದ ಉತ್ತರ ಶುರುವಾಯಿತು. ‘ಕಾನೂನು ವಿಧಿಸಿದ ಕ್ರಮದ ಪ್ರಕಾರ’ವಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂದು ಸಂವಿಧಾನದ ಕರಡು ಹೇಳಿತ್ತು. ಹಾಗಾದರೆ ಎಂಥ ಕ್ರಮವನ್ನಾದರೂ ಸಂಸತ್ತು ವಿಧಿಸಬಹುದಲ್ಲ ಎಂಬ ಆಕ್ಷೇಪ ಬಂತು. 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಆ ಕೊರತೆ ತುಂಬಲು ಹೊಸ ವಿಧಿಯನ್ನು ಸಂವಿಧಾನ ಸಭೆಯ ಮುಂದಿಟ್ಟರು. ಅದೇ ಇಂದಿನ 22ನೇ ವಿಧಿ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂಬುದು 20ನೇ ವಿಧಿಯಲ್ಲಿ ಬಂತು. ಆ ಮೌನದ ಹಕ್ಕು ಠಾಣೆಯ ಬಾಗಿಲಿಂದಲೇ ಶುರು ಎಂದು ಸುಪ್ರೀಂ ಕೋರ್ಟ್ ಹೇಳಲು 1978ರ ನಂದಿನಿ ಸತ್ಪಥಿ ಪ್ರಕರಣದವರೆಗೆ ಕಾಯಬೇಕಾಯಿತು.

ಕಾರಣ ತಿಳಿಸಬೇಕು, ಸರಿ. ಯಾವ ಭಾಷೆಯಲ್ಲಿ? ಕನ್ನಡದಲ್ಲಿ ‘ಹೇಳುವುದು’ ಬೇರೆ, ‘ತಿಳಿಸುವುದು’ ಬೇರೆ. ಗೋಡೆಗೂ ಹೇಳಬಹುದು. ಈ ವ್ಯತ್ಯಾಸ ಮೊದಲು ಕೋರ್ಟಿನ ಕಣ್ಣಿಗೆ ಬಿದ್ದದ್ದು ನಾಗಪುರದ ಪ್ರಕರಣವೊಂದರಲ್ಲಿ. ಮುನ್ನೆಚ್ಚರಿಕೆ ಬಂಧನ ಕಾಯ್ದೆಯಡಿ ಹಿಡಿದ ಹರಿಕಿಸನ್ ಎಂಬವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರು ಹಿಂದಿ ಪ್ರತಿ ಕೇಳಿದರು, ಅಧಿಕಾರಿಗಳು ಕೊಡಲಿಲ್ಲ. ಬಾಯಲ್ಲಿ ವಿವರಿಸಿದ್ದೇವಲ್ಲ ಎಂದರು. ಬಾಯಿಮಾತಿನ ಅನುವಾದ ಸಾಲದು, ಬಂಧಿತನಿಗೆ ಅರ್ಥವಾಗುವ ಭಾಷೆ, ಲಿಪಿಯಲ್ಲಿ ಬರೆದು ಕೊಡಬೇಕು ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವಿಚಾರಣೆಯೇ ಇಲ್ಲದೆ ಕೂಡಿಹಾಕುವ ಕರಾಳ ಕಾಯ್ದೆಯ ಬಂಧಿತನಿಗೆ 1962ರಲ್ಲೇ ಸಿಕ್ಕ ಈ ಸೌಲಭ್ಯ, ಸರಳು ಕದ್ದ ಆರೋಪದ ಸಾಮಾನ್ಯನಿಗೆ ಸಿಗಲು ಇನ್ನೂ ಅರವತ್ತಮೂರು ವರ್ಷ ಬೇಕಾಯಿತು. ಇದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ನಡುವಿನ ವರ್ಷಗಳು ಬರಿದಾಗಿರಲಿಲ್ಲ. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 50ನೇ ಕಲಂ, ವಾರಂಟ್ ಇಲ್ಲದೆ ಹಿಡಿದವರಿಗೆ ಕಾರಣ ಹೇಳುವುದನ್ನು ಪೊಲೀಸರ ಕರ್ತವ್ಯವಾಗಿಸಿತು. ವಕೀಲರ ವಿಷಯದಲ್ಲಿ ದಾರಿ ತೆರೆದ ಪ್ರಕರಣಗಳಲ್ಲೊಂದಕ್ಕೆ ನಮ್ಮ ಕರ್ನಾಟಕದ ನಂಟಿದೆ, ಹೇಳಿಕೊಳ್ಳುವಂಥ ನಂಟೇನಲ್ಲ. ಸೌರಾಷ್ಟ್ರದ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಎಂ.ಎಚ್. ಹೊಸ್ಕೋಟ್ ಮುಂಬಯಿಗೆ ಬಂದು, ಕರ್ನಾಟಕ ವಿಶ್ವವಿದ್ಯಾಲಯದ ಮೊಹರು ಮಾಡಿಕೊಡುವಂತೆ ಮುದ್ರಣದ ಬ್ಲಾಕ್ ಮಾಡುವವನೊಬ್ಬನಿಗೆ ಸುಳ್ಳು ಪತ್ರ ತೋರಿಸಿ ಆರ್ಡರ್ ಕೊಟ್ಟಿದ್ದರು. ಸೆಷನ್ಸ್ ಕೋರ್ಟ್ ಕೊಟ್ಟ ಹಗುರ ಶಿಕ್ಷೆಯನ್ನು ಹೈಕೋರ್ಟ್ ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ ನಾಲ್ಕು ವರ್ಷ ತಡ: ತೀರ್ಪಿನ ಪ್ರತಿ ತನ್ನ ಕೈಗೆ ಸಿಗಲಿಲ್ಲ ಎಂಬುದು ಅವರ ದೂರು. 1978ರಲ್ಲಿ ನ್ಯಾ. ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನೇನೋ ವಜಾ ಮಾಡಿತು. ಆದರೆ ಕೈದಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ವಕೀಲರನ್ನು ಇಡಲಾರದವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು, ಅದು ದಾನವಲ್ಲ ಎಂದು ಬರೆಯಿತು. ಧಾರವಾಡದ ಹುಸಿ ಮೊಹರಿನಿಂದ ದೇಶದ ಬಡ ಕೈದಿಗಳಿಗೆ ಒಂದು ಅಸಲಿ ಹಕ್ಕು ಬಂತು.

ಐದು ವರ್ಷದ ಬಳಿಕ ಇನ್ನೊಂದು ಪತ್ರ, ಇದು ನಿಜವಾದದ್ದು. ಪತ್ರಕರ್ತೆ ಶೀಲಾ ಬರ್ಸೆ ಬಾಂಬೆ ಸೆಂಟ್ರಲ್ ಜೈಲಿನಲ್ಲಿ ಹದಿನೈದು ಮಹಿಳಾ ಕೈದಿಗಳನ್ನು ಮಾತಾಡಿಸಿದಾಗ, ಐವರು ಪೊಲೀಸ್ ಲಾಕಪ್ಪಿನಲ್ಲಿ ಹಲ್ಲೆಯಾಯಿತೆಂದರು. ಅವರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. ಮಹಿಳೆಯರಿಗೆ ಬೇರೆ ಲಾಕಪ್ಪು, ಮಹಿಳಾ ಪೊಲೀಸರ ಎದುರಲ್ಲೇ ವಿಚಾರಣೆ, ಬಂಧಿಸಿದ ಕೂಡಲೇ ಕಾನೂನು ನೆರವು ಸಮಿತಿಗೆ ಸುದ್ದಿ, ನ್ಯಾಯಾಧೀಶರು ಹೇಳದೆ ಕೇಳದೆ ಲಾಕಪ್ಪಿಗೆ ಭೇಟಿ: 1983ರ ಈ ಆದೇಶಗಳು ಹುಟ್ಟಿದ್ದು ಈ ನಗರದ ಜೈಲಿನಿಂದ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸಬಾರದು, ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿ ಪಡೆದೇ ಬರಬೇಕು ಎಂಬ ನಿಯಮ ಆಮೇಲೆ ಸಂಹಿತೆಯೊಳಗೇ ಸೇರಿತು.

1996ರ ಡಿ.ಕೆ. ಬಸು ತೀರ್ಪು ಎಲ್ಲರೂ ಹೆಸರಿಸುವಂಥದ್ದು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ, ವೇಳೆ–ದಿನಾಂಕವಿರುವ ಬಂಧನ ಪತ್ರ, ಅದಕ್ಕೆ ಮನೆಯವರದೋ ನೆರೆಯವರದೋ ಸಾಕ್ಷಿ ಸಹಿ, ಬಂಧುವೊಬ್ಬರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯ ತಪಾಸಣೆ, ಹೀಗೆ ಹನ್ನೊಂದು ಸೂಚನೆ. 2012ರಲ್ಲಿ ಮುಂಬಯಿ ದಾಳಿಯ ಕಸಬ್‌ನ ಮೇಲ್ಮನವಿ ಬಂತು. ಮರಣದಂಡನೆ ಖಾಯಂ ಆಯಿತು. ಅದೇ ತೀರ್ಪಿನಲ್ಲಿ, ಮೊದಲ ಸಲ ಮುಂದೆ ಬಂದ ಆರೋಪಿಗೆ ‘ನಿನಗೆ ವಕೀಲರ ಹಕ್ಕಿದೆ, ಹಣವಿಲ್ಲದಿದ್ದರೆ ಸರ್ಕಾರ ಕೊಡುತ್ತದೆ’ ಎಂದು ತಿಳಿಹೇಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯ, ತಪ್ಪಿದರೆ ಅವರ ಮೇಲೆ ಇಲಾಖಾ ಕ್ರಮ ಎಂದೂ ಇದೆ. ನಗರ ಅತಿಯಾಗಿ ದ್ವೇಷಿಸಿದ ಮನುಷ್ಯನ ಪ್ರಕರಣ ಕಿಲ್ಲಾ ಕೋರ್ಟಿನ ಕಟಕಟೆಯಲ್ಲಿ ನಿಲ್ಲುವ ಜೇಬುಗಳ್ಳನನ್ನೂ ಕಾಯುತ್ತದೆ. ಕೇಳಲು ಕಹಿ, ಹಕ್ಕಿಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ.

ಬರೆದು ಕೊಡುವ ವಿಷಯಕ್ಕೆ ಮರಳೋಣ. ಹಣ ಅಕ್ರಮ ವರ್ಗಾವಣೆ ಕಾಯ್ದೆಯಡಿ ಬಂಧಿಸಿದರೆ ಕಾರಣ ಬರೆದೇ ಕೊಡಬೇಕೆಂದು 2023ರಲ್ಲಿ, ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯ ಬಂಧಿತರಿಗೂ ಅದೇ ನಿಯಮವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿದವರು? 2024ರ ಜುಲೈ 7ರ ಬೆಳಗಿನ ವರ್ಲಿಯ ಕಾರು ಅಪಘಾತ ಮುಂಬಯಿಯವರಿಗೆ ನೆನಪಿದೆ. ತನಗೆ ಬಂಧನದ ಕಾರಣ ಬರೆದು ಕೊಟ್ಟಿಲ್ಲ ಎಂದು ಅದರ ಆರೋಪಿ ಸುಪ್ರೀಂ ಕೋರ್ಟ್‌ವರೆಗೆ ಹೋದ. 2025ರ ನವೆಂಬರ್ 6ರಂದು ಉತ್ತರ ಬಂತು: ಯಾವುದೇ ಅಪರಾಧವಿರಲಿ, ಕಾರಣಗಳನ್ನು ಬರೆದು ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡ್‌ಗಾಗಿ (ಕಸ್ಟಡಿಯಲ್ಲಿ ಇಡುವ ಆದೇಶಕ್ಕಾಗಿ) ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಕನಿಷ್ಠ ಎರಡು ಗಂಟೆ ಮೊದಲು ಕಾಗದ ಕೈಗಿಡಬೇಕು. ತಪ್ಪಿದರೆ ಬಂಧನವೂ ರಿಮಾಂಡೂ ಅಕ್ರಮ. ಒಳ್ಳೆಯ ವಕೀಲರನ್ನು ಇಡಬಲ್ಲವನೊಬ್ಬ ಎತ್ತಿದ ಪ್ರಶ್ನೆಯಿಂದ ಮರಾಠಿ ಓದಲು ಬಾರದ ಎಲ್ಲರಿಗೂ ಲಾಭವಾಯಿತು.

ಈಗ ಚಾಲ್ತಿಯಲ್ಲಿರುವುದು 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಕಲಮುಗಳ ಸಂಖ್ಯೆ ಬದಲಾಗಿದೆ, ಹುರುಳು ಬಹುಪಾಲು ಹಳೆಯದೇ. ಕಾರಣ ತಿಳಿಸುವುದು 47, ಮನೆಯವರಿಗೆ ಸುದ್ದಿ ಮುಟ್ಟಿಸುವುದು 48, ವಿಚಾರಣೆಯ ವೇಳೆ ವಕೀಲರನ್ನು ಕಾಣುವುದು 38: ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವಂತಿಲ್ಲ, ಕಾಣಬಹುದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧಿಸಲೇಬೇಕಾದ ಕಾರಣವಿಲ್ಲದಿದ್ದರೆ, 35ನೇ ಕಲಮಿನ ನೋಟಿಸು ಕೊಟ್ಟು ಕರೆಯಬೇಕು. ಕರೆದಾಗ ಹೋದವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹೋಗದಿದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎನ್ನುವವರು ಬರೀ ಕಳ್ಳರು. ಅಂಥ ಬಂಧನ ಯಾವ ಕಾಯ್ದೆಯಲ್ಲೂ ಇಲ್ಲ. ಮ್ಯಾಜಿಸ್ಟ್ರೇಟ್ ಮೊದಲ ರಿಮಾಂಡ್ ಕೊಟ್ಟ ದಿನದಿಂದ 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಕೇಳಿದವರಿಗೆ ಮಾತ್ರ. ಪಟ್ಟಿ ಬಂದ ಮೇಲೆ ಎಚ್ಚೆತ್ತರೆ ಆ ಹಕ್ಕು ಹೋದಂತೆಯೇ.

ವಕೀಲರಿಗಾಗಿ 15100ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕಸ್ಟಡಿಯಲ್ಲಿ ಇರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಉಳಿದದ್ದು ಕಾಗದ ಮತ್ತು ಕನ್ನಡ. ಮಧ್ಯರಾತ್ರಿ ಹಿಡಿದ ಸುರಪುರದ ಕೂಲಿಗೆ ಬೆಳಗಾಗುವುದರೊಳಗೆ ಕನ್ನಡದಲ್ಲಿ ಬರೆದುಕೊಡುವವರು ಯಾರು? ಆದೇಶವಿದೆ, ದುಭಾಷಿ ಠಾಣೆಯಲ್ಲಿ ಕೂತಿರುವುದಿಲ್ಲ. ‘ಹಿಂದಿ ಬರುತ್ತದಲ್ಲ’ ಎಂದಾರು, ಅವನೂ ‘ಆತಾ ಹೈ’ ಎಂದಾನು. ಸಂತೆಯ ಹಿಂದಿ ಕಲಮಿನ ಹಿಂದಿಯಲ್ಲ. ಆದ್ದರಿಂದ ಮೊದಲು ಕಲಿಯಬೇಕಾದ ವಾಕ್ಯ ‘ಮಲಾ ಮರಾಠಿ ವಾಚತಾ ಯೇತ್ ನಾಹಿ, ಕನ್ನಡಾತ್ ದ್ಯಾ’. ನನಗೆ ಮರಾಠಿ ಓದಲು ಬಾರದು, ಕನ್ನಡದಲ್ಲಿ ಕೊಡಿ. ಅದನ್ನೇ ಮ್ಯಾಜಿಸ್ಟ್ರೇಟರ ಎದುರೂ ಹೇಳಬೇಕು, ಏಕೆಂದರೆ ರಿಮಾಂಡ್ ಮುಗಿಯಲು ಕೆಲವು ನಿಮಿಷ ಸಾಕು.

ಆ ಸರಳಿನ ಹುಡುಗನಿಗೂ ಅಂದು ಒಂದು ಕಾಗದ ಸಿಕ್ಕಿತ್ತು, ಮರಾಠಿಯದು. ಅವನ ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. “ಇದರಾಗ ಏನ್ ಬರದಾರ್ರೀ?” ಎಂದು ಬಿಚ್ಚಿ ನನ್ನ ಕೈಗೆ ಕೊಟ್ಟದ್ದು ಕೋರ್ಟಿನ ಮೆಟ್ಟಿಲ ಮೇಲೆ. ಅಷ್ಟರಲ್ಲಿ ಹುಡುಗನನ್ನು ವ್ಯಾನಿಗೆ ಹತ್ತಿಸಿ ಆಗಿತ್ತು.