ಬೇಲ್‌ಔಟ್ ದುಡ್ಡು ಕೈಗೆ ಬಂದ್ಮೇಲೆ ಕಾರ್ ಕಂಪನಿ ಏನ್ ಮಾಡುತ್ತೆ?

ಸಾಲದಲ್ಲಿ ಮುಳುಗಿರೋ ಕಂಪನಿಗಳ ಲೆಕ್ಕ ನೋಡಿ, ಇದು ಉಳಿಯುತ್ತಾ ಇಲ್ವಾ ಅಂತ ಹೇಳೋದು ನನ್ನ ಕೆಲಸ. ಬೇಲ್‌ಔಟ್, ಅಂದ್ರೆ ಮುಳುಗ್ತಿರೋ ಕಂಪನಿನ ಉಳಿಸೋಕೆ ಸರ್ಕಾರ ಕೊಡೋ ದುಡ್ಡು, ಕೇಳ್ಕೊಂಡು ಬಂದ ಕಂಪನಿ ಆದ್ರೆ ನಾನು ಮೊದಲು ತೆಗೆಯೋ ಪುಟ ಸೇಲ್ಸ್ ಅಂದಾಜಿನದ್ದು, ಯಾಕಂದ್ರೆ ಖರ್ಚು ಎಷ್ಟು ಕಡಿತ ಮಾಡ್ತೀವಿ ಅನ್ನೋದನ್ನ ಎಲ್ರೂ ಚೆನ್ನಾಗೇ ಬರೀತಾರೆ, ಆಸೆ ಎಲ್ಲಾ ಬಂದು ಕೂತಿರೋದು ಮುಂದಿನ ವರ್ಷ ಎಷ್ಟು ಕಾರ್ ಮಾರ್ತೀವಿ ಅನ್ನೋ ಕಡೆ.

2008ರ ಅಮೆರಿಕ ತಗೊಳ್ಳಿ. 2007ರಲ್ಲಿ ವರ್ಷಕ್ಕೆ 1.6 ಕೋಟಿ ಗಾಡಿ ಹೋಗ್ತಿದ್ದ ಮಾರ್ಕೆಟ್ಟು 2009ಕ್ಕೆ ಸುಮಾರು 1.04 ಕೋಟಿಗೆ ಬಿತ್ತು. ಕಾರ್ ಫ್ಯಾಕ್ಟರಿಲಿ ಸೇಲ್ಸ್ ಬಿದ್ರೂ ಖರ್ಚು ಬೀಳಲ್ಲ, ಪ್ಲಾಂಟ್, ಪೆನ್ಷನ್, ರಿಟೈರ್ ಆದವ್ರ ಆಸ್ಪತ್ರೆ ಖರ್ಚು ಎಲ್ಲಾ ಹಾಗೇ ಇರುತ್ತೆ. ಜನರಲ್ ಮೋಟಾರ್ಸ್ (ಜಿಎಂ) 2008 ಒಂದೇ ವರ್ಷ 3,090 ಕೋಟಿ ಡಾಲರ್ ನಷ್ಟ ತೋರಿಸ್ತು. ಜಿಎಂ, ಫೋರ್ಡ್, ಕ್ರೈಸ್ಲರ್ ಈ ಮೂರು ಕಂಪನಿ ಮುಖ್ಯಸ್ಥರು ನವೆಂಬರ್‌ನಲ್ಲಿ ಖಾಸಗಿ ವಿಮಾನದಲ್ಲಿ ವಾಷಿಂಗ್ಟನ್‌ಗೆ ಹೋಗಿ ಉಗಿಸ್ಕೊಂಡು, ಡಿಸೆಂಬರ್‌ನಲ್ಲಿ ಕಾರಲ್ಲೇ ಹೋದ್ರು, ಸೆನೆಟ್ ಆದ್ರೂ ಒಪ್ಲಿಲ್ಲ. ಕೊನೆಗೆ ಅಧ್ಯಕ್ಷ ಬುಷ್ ಬ್ಯಾಂಕ್‌ಗಳಿಗೆ ಅಂತ ಇಟ್ಟಿದ್ದ ನಿಧಿಯಿಂದ 1,740 ಕೋಟಿ ಡಾಲರ್ ಕೊಟ್ರು, ಫೆಬ್ರವರಿ 17ಕ್ಕೆ ಪ್ಲ್ಯಾನ್ ತನ್ನಿ ಅಂದ್ರು.

ಆ ಪ್ಲ್ಯಾನ್ ನೋಡಿದ್ರೆ ನಾನು ಹೇಳ್ತಿರೋದು ಅರ್ಥ ಆಗುತ್ತೆ. 1980ರಲ್ಲಿ ಜಿಎಂ ಕೈಲಿದ್ದ ಮಾರ್ಕೆಟ್ ಪಾಲು ಶೇ. 45, 2009ರ ಹೊತ್ತಿಗೆ ಶೇ. 22. ಅಂದ್ರೆ ಮೂವತ್ತು ವರ್ಷದಿಂದ ವರ್ಷಕ್ಕೆ 0.7 ಪಾಯಿಂಟ್ ಕಳ್ಕೊಳ್ತಾ ಬಂದಿದ್ದ ಕಂಪನಿ, ಇನ್ಮೇಲೆ 0.3 ಮಾತ್ರ ಕಳ್ಕೊಳ್ತೀವಿ ಅಂತ ಬರ್ದಿತ್ತು, ಅದೂ ಬ್ರ್ಯಾಂಡ್‌ಗಳನ್ನ ಕಮ್ಮಿ ಮಾಡ್ತಾ! ಒಬಾಮಾ ನೇಮಿಸಿದ ತಂಡ ಇದನ್ನೇ ಹಿಡೀತು. ಮಾರ್ಚ್ 30ಕ್ಕೆ ಪ್ಲ್ಯಾನ್ ತಿರಸ್ಕಾರ, ಮುಖ್ಯಸ್ಥ ರಿಕ್ ವ್ಯಾಗನರ್ ಹೊರಗೆ, ಜಿಎಂಗೆ 60 ದಿನ, ಕ್ರೈಸ್ಲರ್‌ಗೆ 30 ದಿನ ಗಡುವು. ನನ್ನ ಪ್ರಕಾರ ನಿಜವಾದ ಬೇಲ್‌ಔಟ್ ಶುರುವಾಗಿದ್ದು ಅವತ್ತು, ಅಲ್ಲೀವರೆಗೆ ಆಗಿದ್ದು ಬರೀ ಟೈಮ್ ಕೊಂಡ್ಕೊಂಡಿದ್ದು.

ಇಷ್ಟೆಲ್ಲ ಗೊತ್ತಿದ್ರೆ ಮೊದಲೇ ಯಾಕೆ ಸರಿ ಮಾಡ್ಕೊಳ್ಳಲಿಲ್ಲ ಅಂತ ತುಂಬಾ ಜನ ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ. ಮಾಡೋಕೆ ಹೋಗಿದ್ರು. ಜಿಎಂ ತನ್ನ ಓಲ್ಡ್ಸ್‌ಮೊಬೈಲ್ ಅನ್ನೋ ಒಂದೇ ಬ್ರ್ಯಾಂಡ್ ಮುಚ್ಚೋಕೆ 2000ದಲ್ಲಿ ತೀರ್ಮಾನ ಮಾಡಿ, 2004ರಲ್ಲಿ ಕೊನೆ ಕಾರ್ ಬರೋ ಹೊತ್ತಿಗೆ ಡೀಲರ್‌ಗಳ ಪರಿಹಾರ ಅಂತನೇ 100 ಕೋಟಿ ಡಾಲರ್ ಮೇಲೆ ಹೋಯ್ತು, ಯಾಕಂದ್ರೆ ಅಲ್ಲಿ ಒಂದೊಂದು ರಾಜ್ಯದ ಕಾನೂನೂ ಡೀಲರ್ ಪರ ಗಟ್ಟಿಯಾಗಿದೆ. ದಿವಾಳಿ ಕೋರ್ಟ್‌ಗೆ ಹೋದ್ರೆ ಮಾತ್ರ ಅಂಥ ಒಪ್ಪಂದಗಳನ್ನ ಮುರಿಯೋಕೆ ಆಗೋದು, ಆದ್ರೆ ದಿವಾಳಿ ಆದ ಕಂಪನಿ ಕಾರನ್ನ ಯಾರೂ ಕೊಳ್ಳಲ್ಲ, ವಾರಂಟಿ ಕಥೆ ಏನು ಅಂತ ಭಯ, ಹಾಗಾಗಿ ವ್ಯಾರಂಟಿಗೆ ಸರ್ಕಾರವೇ ನಿಂತ್ಕೊಂಡ್ತು. ಜೂನ್ 1ಕ್ಕೆ ಒಳಗೆ ಹೋದ ಜಿಎಂ ಜುಲೈ 10ಕ್ಕೆ ಹೊಸ ಕಂಪನಿಯಾಗಿ ಹೊರಗೆ ಬಂತು, ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್ ಅನ್ನೋ ತನ್ನ ಬ್ರ್ಯಾಂಡ್‌ಗಳಲ್ಲಿ ಯಾವುದನ್ನೂ ಉಳಿಸ್ಕೊಳ್ಳದ ತೀರ್ಮಾನದ ಜೊತೆ. ಹಳೇ ಷೇರುದಾರರಿಗೆ ಏನೂ ಸಿಗ್ಲಿಲ್ಲ.

ಫೋರ್ಡ್ ದಾರಿ ಬೇರೆ. 2006ರಲ್ಲೇ ಲೋಗೋ ಸಮೇತ ಎಲ್ಲಾ ಅಡ ಇಟ್ಟು 2,360 ಕೋಟಿ ಡಾಲರ್ ಸಾಲ ಎತ್ತಿತ್ತು, ಆದ್ರಿಂದ ಈ ದುಡ್ಡು ಮುಟ್ಟದೆ ಬಚಾವಾಯ್ತು. ಆದ್ರೂ ಅದರ ಮುಖ್ಯಸ್ಥ ಅಲನ್ ಮುಲಾಲಿ ಪ್ರತಿಸ್ಪರ್ಧಿಗಳಿಗೆ ದುಡ್ಡು ಕೊಡಿ ಅಂತಲೇ ವಾದ ಮಾಡಿದ್ರು, ಮೂವರಿಗೂ ಪಾರ್ಟ್ಸ್ ಕೊಡೋರು ಹೆಚ್ಚುಕಮ್ಮಿ ಅವ್ರೇ, ಜಿಎಂ ಬಿದ್ರೆ ಅವ್ರೂ ಬಿದ್ದು ಫೋರ್ಡ್ ಲೈನ್ ನಿಂತೋಗುತ್ತೆ.

ಷರತ್ತು ಯಾವ್ದು ಅನ್ನೋದು ದುಡ್ಡಿಗಿಂತ ಮುಖ್ಯ. ಫ್ರಾನ್ಸ್ 2009ರಲ್ಲಿ ರೆನೋ ಮತ್ತು ಪೂಜೋ-ಸಿಟ್ರೋಯೆನ್‌ಗೆ ತಲಾ 300 ಕೋಟಿ ಯೂರೋ ಸಾಲ ಕೊಟ್ಟು, ದೇಶದೊಳಗೆ ಪ್ಲಾಂಟ್ ಮುಚ್ಚಬಾರದು ಅಂತು. 2012ರಲ್ಲಿ ಪೂಜೋ ಪ್ಯಾರಿಸ್ ಹತ್ರದ ಓಲ್ನೇ ಪ್ಲಾಂಟ್ ಮುಚ್ತೀವಿ ಅಂತ ಘೋಷಿಸ್ತು, 2014ರಲ್ಲಿ ಸರ್ಕಾರ ಮತ್ತೆ ಬಂದು ಷೇರೇ ಕೊಳ್ಳಬೇಕಾಯ್ತು.

ಕೊನೆಗೆ ಯಾರ ಜೇಬಿಂದ ಹೋಯ್ತು ಅನ್ನೋದನ್ನೂ ನೋಡ್ಲೇಬೇಕು. ಜಿಎಂ ಷೇರುಗಳನ್ನ ಸರ್ಕಾರ 2013ರ ಡಿಸೆಂಬರ್‌ನಲ್ಲಿ ಪೂರ್ತಿ ಮಾರಿ ಮುಗಿಸಿದಾಗ ತೆರಿಗೆದಾರರಿಗೆ ಸಾವಿರ ಕೋಟಿ ಡಾಲರ್‌ಗೂ ಮೇಲೆ ನಷ್ಟ. ಅದಕ್ಕೆ ಬದಲಾಗಿ ಲಕ್ಷಾಂತರ ಕೆಲಸ ಉಳೀತು ಅಂತ ನಾನು ಒಪ್ತೀನಿ, ಆ ಹೊತ್ತಲ್ಲಿ ಕೊಟ್ಟಿದ್ದೇ ಸರಿ ಅಂತಲೂ ಹೇಳ್ತೀನಿ. ಆದ್ರೆ ಹೊಸದಾಗಿ ಸೇರೋ ಕಾರ್ಮಿಕನಿಗೆ ಅದೇ ಲೈನ್‌ನಲ್ಲಿ ಪಕ್ಕದವ್ನ ಅರ್ಧದಷ್ಟು ಸಂಬಳ ಅನ್ನೋ ಪದ್ಧತಿ ಯೂನಿಯನ್ ಜೊತೆಗಿನ 2007ರ ಒಪ್ಪಂದದಲ್ಲಿ ಬಂದಿತ್ತಲ್ಲ, ಬೇಲ್‌ಔಟ್ ಅದನ್ನ ಗಟ್ಟಿ ಮಾಡ್ತು. ಕಂಪನಿ ಲಾಭಕ್ಕೆ ಬಂದು ಎಷ್ಟೋ ವರ್ಷ ಆದ್ಮೇಲೂ ಅದು ಪೂರ್ತಿ ಹೋಗ್ಲಿಲ್ಲ, 2023ರಲ್ಲಿ ಯೂನಿಯನ್ ಸ್ಟ್ರೈಕ್‌ಗೆ ಇಳಿದಾಗ ಮುಖ್ಯ ಬೇಡಿಕೆಗಳಲ್ಲಿ ಅದೂ ಒಂದು.