ನಿಯಮ ಎಲ್ಲರಿಗೂ ಒಂದೇ, ಆದರೂ ಕೆಲವರು ಯಾಕೆ ಒಂಟಿ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಯಾರಿಗೂ ಭೇದ ಮಾಡುವುದಿಲ್ಲ. ಪಾಠ, ಪರೀಕ್ಷೆ, ನಿಯಮ ಎಲ್ಲರಿಗೂ ಒಂದೇ. ಆದರೂ ಕೆಲವರು ಮೂಲೆಯಲ್ಲಿ ಸುಮ್ಮನೆ ಕೂತು, ಹಾಗೇ ಹಿಂದೆ ಬೀಳುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಅನೇಕ ಕಪ್ಪು ವಿದ್ಯಾರ್ಥಿಗಳು ಗಣಿತದ ಕ್ಯಾಲ್ಕುಲಸ್‌ನಲ್ಲಿ ಫೇಲಾಗುತ್ತಿದ್ದರು. ಓದುವ ಆಸೆ ಇಲ್ಲ, ಬುನಾದಿ ಗಟ್ಟಿಯಿಲ್ಲ, ಮನೆಯವರ ಬೆಂಬಲವಿಲ್ಲ ಎಂದು ಕಲಿಸುವವರು ಕಾರಣ ಕೊಡುತ್ತಿದ್ದರು. ಅಲ್ಲಿನ ಗಣಿತ ವಿಭಾಗದಲ್ಲಿದ್ದ ಯೂರಿ ಟ್ರೈಸ್ಮನ್ ಇದನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. 20 ಕಪ್ಪು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದರು.

ಆಸೆಯೂ ಇತ್ತು, ಬೆಂಬಲವೂ ಇತ್ತು. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ತಾವು ಮಾಡಿದ ಲೆಕ್ಕವನ್ನು ಗೆಳೆಯರಿಗೆ ತೋರಿಸಿ, ತಪ್ಪು ತಿದ್ದಿಕೊಳ್ಳುತ್ತಿದ್ದರು. ಒಂಟಿಯಾಗಿ ಓದುವವನಿಗೆ ಎಡವಿದ್ದು ಗೊತ್ತಾಗುವುದು ಪರೀಕ್ಷೆಯ ದಿನವೇ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ ಅಲ್ವಾ?

ಟ್ರೈಸ್ಮನ್ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಲೆಕ್ಕ ಮಾಡಿಸುವ ಕಾರ್ಯಾಗಾರ ಶುರು ಮಾಡಿದರು. ಇದು 'ಹಿಂದುಳಿದವರ ವಿಶೇಷ ತರಗತಿ' ಆಗಿರಲಿಲ್ಲ. ಕೊಟ್ಟದ್ದು ಸುಲಭದ ಲೆಕ್ಕಗಳನ್ನಲ್ಲ, ಜಾಸ್ತಿ ಕಷ್ಟದವನ್ನೇ. ಫಲಿತಾಂಶ ತುಂಬಾ ಸುಧಾರಿಸಿತು. ನನಗೆ ಇಲ್ಲಿ ಬಹಳ ಮುಖ್ಯ ಅನಿಸುವುದು ಆ ಗೌರವ. ನೀನು ದಡ್ಡ ಎಂಬ ಹಣೆಪಟ್ಟಿ ಹಚ್ಚಿ ಕೊಡುವ ಸಹಾಯದಿಂದ ಹುಡುಗರು ಇನ್ನಷ್ಟು ಕುಗ್ಗುತ್ತಾರೆ.

ಹಾಗಾಗಿ ಮೊದಲು ಹುಡುಗರನ್ನು ಬಿಟ್ಟು ಏರ್ಪಾಟನ್ನು ನೋಡಿ. 'ನಿಮಗೆ ಬೇಕಾದವರ ಜೊತೆ ಗುಂಪು ಮಾಡಿಕೊಳ್ಳಿ' ಎಂದರೆ ಪರಿಚಯ ಇಲ್ಲದವರು ಹೊರಗೇ ಉಳಿಯುತ್ತಾರೆ. ಗುಂಪುಗಳನ್ನು ನೀವೇ ಮಾಡಿ, ನಡುನಡುವೆ ಬದಲಿಸಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲಾ ತರಗತಿಗಳಲ್ಲಿ ಕಂಡುಕೊಂಡಿದ್ದರು. ಮೂರು ಸೆಕೆಂಡ್ ಕಾದಾಗ ಹೆಚ್ಚು ಮಕ್ಕಳು ಬಾಯಿಬಿಟ್ಟರು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ನಂಬರ್ ಇರಲಿ. ದೂರು ಕೊಟ್ಟವರಿಗೆ ಏನು ಕ್ರಮ ಆಯಿತೆಂದು ತಿಳಿಸಿ, ಇಲ್ಲದಿದ್ದರೆ ಎರಡನೆಯವರು ಬರುವುದಿಲ್ಲ.

'ಎಲ್ಲರಿಗೂ ಒಂದೇ' ಎನ್ನುವುದು ಎಲ್ಲಿ ಸೋಲುತ್ತದೆ ಎನ್ನುವುದಕ್ಕೂ ಬರ್ಕ್ಲಿಯಲ್ಲೇ ಉದಾಹರಣೆ ಇದೆ. ಪೋಲಿಯೋದಿಂದ ಕೈಕಾಲು ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿ ಓದಲು ಬಂದರು. ಮಲಗಿದಾಗ ಅವರಿಗೆ ಉಸಿರಾಡಲು ದೊಡ್ಡ ಯಂತ್ರ ಬೇಕಿತ್ತು. ಎಲ್ಲರಿಗೂ ಇದ್ದ ಹಾಸ್ಟೆಲಿನ ನೆಲ ಆ ಭಾರ ತಡೆಯುವಂತಿರಲಿಲ್ಲ. ಕೊನೆಗೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಅವರಿಗೆ ಕೋಣೆ ಕೊಟ್ಟರು. ಆಮೇಲೆ ಅವರಂಥ ಇನ್ನೂ ಕೆಲವರು ಅಲ್ಲಿಗೆ ಬಂದು ಸೇರಿದರು.

ಇನ್ನೊಂದು ಮಾತು. ಓದು ಅರ್ಧಕ್ಕೆ ಬಿಟ್ಟು ಹೋದವರಿಗೆ ಒಂದು ಫೋನ್ ಮಾಡಿ. ಎಲ್ಲಿ ಕಷ್ಟವಾಯಿತು ಎಂದು ಕೇಳಿ. ಸಮರ್ಥನೆ ಮಾಡಿಕೊಳ್ಳದೆ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ.